ಬಸ್ಸು ರಾತ್ರಿ ಎಲ್ಲಿ ಮಲಗಬೇಕು?

ಅಧ್ಯಾಪಕನಾದವನಿಗೆ ಹಾಜರಿ ಪುಸ್ತಕವೆಂಬುದು ಒಂದು ಸಣ್ಣ ನ್ಯಾಯಪೀಠವಿದ್ದಂತೆ. ಹೆಸರು ಕರೆದಾಗ ಉತ್ತರ ಕೊಟ್ಟವರು ನಿರ್ದೋಷಿಗಳು. ಮೌನವಾಗಿ ಉಳಿದ ಹೆಸರಿನವರು ಅಪರಾಧಿಗಳು. ವಿಚಾರಣೆ, ವಾದ, ಸಾಕ್ಷಿ ಯಾವುದೂ ಅಲ್ಲಿಲ್ಲ. ಕಳೆದ ವರ್ಷ ನಾನೂ ಈ ಪೀಠದ ಮೇಲೆ ಕುಳಿತು, ಒಬ್ಬ ವಿದ್ಯಾರ್ಥಿನಿಗೆ ಸುಮಾರು ಮೂರು ತಿಂಗಳ ಕಾಲ ನಿಷ್ಠೆಯಿಂದ ಗೈರುಹಾಜರಿ ಹಾಕಿದೆನು. ಬೆಳಗಿನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಹಳಗನ್ನಡದ ಪದ್ಯವನ್ನು ತಾನೇ ಬಿಡಿಸಿ ಅರ್ಥ ಹೇಳುತ್ತಿದ್ದ ಹುಡುಗಿ, ಮಧ್ಯಾಹ್ನದ ಕೊನೆಯ ಗಂಟೆಗೆ ಮಾತ್ರ ಮಾಯವಾಗಿಬಿಡುತ್ತಿದ್ದಳು. ಒಂದು ದಿನ ಕರೆದು ಕೇಳಿದೆ.

“ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಗೊತ್ತೇನಮ್ಮಾ?”

“ಗೊತ್ತು ಸಾರ್. ಮೂರೂವರೆಯ ಬಸ್ಸು ತಪ್ಪಿದರೆ ಮುಂದಿನದು ಕೌದಳ್ಳಿಗೇ ನಿಂತುಬಿಡುತ್ತದೆ. ಅಲ್ಲಿಂದ ನಮ್ಮೂರಿಗೆ ಕತ್ತಲಲ್ಲಿ ನಡೆಯಬೇಕು. ಆನೆ ಬರುತ್ತವೆ ಸಾರ್.”

ಆ ಬಸ್ಸು ಸರ್ಕಾರದ್ದೋ ಖಾಸಗಿಯವರದ್ದೋ ನಾನು ಕೇಳಲಿಲ್ಲ. ಕೇಳಿ ಆಗಬೇಕಾದದ್ದೂ ಇರಲಿಲ್ಲ. ಆನೆಗೆ ಉತ್ತರ ಹೇಳುವ ನಿಯಮ ಯಾವ ವಿಶ್ವವಿದ್ಯಾನಿಲಯದ ಕೈಪಿಡಿಯಲ್ಲಿಯೂ ಇಲ್ಲ. “ಹೋಗಮ್ಮಾ, ನೋಡೋಣ” ಎಂದು ಕಳುಹಿಸಿದೆ. ನೋಡೋಣ ಎಂಬುದು ನಮ್ಮಂಥವರು ಏನೂ ತೋಚದಾಗ ಆಡುವ ಮಾತು.

ಈ ಪ್ರಸಂಗ ಮನಸ್ಸನ್ನು ಕೊರೆಯುತ್ತಿದ್ದಾಗಲೇ ಗೆಳೆಯರೊಬ್ಬರು ಹರಕೆ ತೀರಿಸಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟರು, ನಾನೂ ಜೊತೆಯಾದೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳನ್ನು ದಾಟಿ, ತಾಳುಬೆಟ್ಟದ ಬುಡದಿಂದ ಘಟ್ಟದ ತಿರುವುಗಳನ್ನು ಏರುವ ದಾರಿಯನ್ನು ಮಾದಪ್ಪನ ಒಕ್ಕಲೆಲ್ಲ ಬಲ್ಲರು. ಆದರೆ ಆ ರಸ್ತೆ ಬೆಟ್ಟದಲ್ಲಿಯೇ ಮುಗಿಯುವುದಿಲ್ಲ. ಅದು ಇನ್ನೊಂದು ಮಗ್ಗುಲಿಗೆ ಇಳಿದು, ಕಾಡಿನೊಳಗೆ ಸುಮಾರು 20 ಕಿಲೋಮೀಟರು ಹೋಗಿ, ಪಾಲಾರ್ ಎಂಬಲ್ಲಿ ಒಂದು ಹೊಳೆಯನ್ನು ಮುಟ್ಟುತ್ತದೆ. ಹೊಳೆಯಾಚೆ ತಮಿಳುನಾಡು, ದಾರಿ ಮೆಟ್ಟೂರಿಗೆ. ದರ್ಶನವಾದ ಮೇಲೆ ಗೆಳೆಯರು ವಿಶ್ರಾಂತಿ ಬಯಸಿದರು. ನಾನು ಮಾತ್ರ ಈ ರಸ್ತೆಯ ಕೊನೆಯನ್ನು ನೋಡಿಯೇ ಬರುವುದೆಂದು ಕೆಳಗಿಳಿಯುವ ಬಸ್ಸು ಹತ್ತಿದೆ.

ಕೋಲಾರ ಸೀಮೆಯಿಂದ ವೆಲ್ಲೂರಿನ ಕಡೆಗೆ ಹರಿಯುವ ಪಾಲಾರ್ ನದಿ ಬೇರೆ. ಇದು ಇಲ್ಲಿಯೇ ಕಾವೇರಿಯನ್ನು ಸೇರುವ ಬೇರೊಂದು ಹೊಳೆ. ಹೆಸರಂತೂ ಸೊಗಸಾದದ್ದು. ತಮಿಳರು ಹಾಲನ್ನು ಇಂದಿಗೂ ‘ಪಾಲ್’ ಎನ್ನುತ್ತಾರೆ. ಹಳಗನ್ನಡದಲ್ಲಿ ನಾವೂ ಹಾಗೆಯೇ ಅನ್ನುತ್ತಿದ್ದೆವು. ಬರಬರುತ್ತ ನಾವು ‘ಪ’ಕಾರವನ್ನು ಬಿಟ್ಟು ‘ಹ’ಕಾರವನ್ನು ಹಿಡಿದೆವು. ಗಡಿಯ ಹೊಳೆ ಮಾತ್ರ ಎರಡು ಭಾಷೆಗಳೂ ಇನ್ನೂ ಹತ್ತಿರವಿದ್ದ ಕಾಲದ ಹೆಸರನ್ನೇ ಉಳಿಸಿಕೊಂಡಿದೆ. ಈ ಪಾಠವನ್ನು ಬಸ್ಸಿನಲ್ಲಿ ಪಕ್ಕದವರಿಗೆ ಹೇಳಹೊರಟು ಅವರ ನಿದ್ರೆ ಕೆಡಿಸಿದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಪಾಲಾರಿನ ಹೆಸರನ್ನು ಹೊರಗಿನ ಜಗತ್ತು ಕೇಳಿದ್ದು ಒಳ್ಳೆಯ ಕಾರಣಕ್ಕಲ್ಲ. 1993ರ ಏಪ್ರಿಲ್ 9ರಂದು ವೀರಪ್ಪನ್ ಮತ್ತು ಅವನ ತಂಡ ಈ ದಾರಿಯಲ್ಲಿ ಹೂತಿಟ್ಟ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಆ ಸುದ್ದಿಯನ್ನು ಓದಿದ್ದ ಪಟ್ಟಣಿಗರಿಗೆ ಪಾಲಾರ್ ಎಂದರೆ ಇಂದಿಗೂ ಅದೊಂದೇ ನೆನಪು. ನಾನು ಕಂಡದ್ದು ತನಿಖಾ ಠಾಣೆಯ ಅಡ್ಡಗಂಬ, ಸೇತುವೆ, ಎರಡು ಲಿಪಿಗಳ ಫಲಕಗಳು, ಒಂದು ಚಹದ ಅಂಗಡಿ, ಅದರ ಮುಂದೆ ಬಸ್ಸಿಗಾಗಿ ಕುಳಿತ ಏಳೆಂಟು ಜನ. ಅವರಲ್ಲೊಬ್ಬ ವೃದ್ಧರು ಮೊಣಕಾಲಿನ ನೋವಿಗೆ ಔಷಧ ತರಲು ಹೊರಟಿದ್ದರು. “ಬಸ್ಸುಗಳು ಓಡಾಡುತ್ತಲೇ ಇರುತ್ತವಲ್ಲ ಯಜಮಾನರೇ?” ಎಂದು ಮಾತಿಗೆಳೆದೆ.

“ಓಡಾಡ್ತವ ಬುದ್ಧಿ. ಆದ್ರ ಅವು ಬೆಟ್ಟಕ್ಕೆ ಹೋಗೋರ ಬಸ್ಸು, ಮೆಟ್ಟೂರಿಗೆ ಹೋಗೋರ ಬಸ್ಸು. ಬಸ್ಸು ರಾತ್ರಿ ಯಾವೂರಲ್ಲಿ ಮನಗ್ತದೋ ಅದು ಆ ಊರಿನ ಬಸ್ಸು.”

ನಾನು ಎಂ.ಎ. ಓದಿ, ಹತ್ತು ವರ್ಷ ಪಾಠ ಹೇಳಿ, ನಿತ್ಯವೂ ಬಸ್ಸಿನಲ್ಲಿ ಓಡಾಡಿ ಕಾಣದಿದ್ದ ಸಂಗತಿಯನ್ನು ಆ ಹಿರಿಯರು ಒಂದು ವಾಕ್ಯದಲ್ಲಿ ಹೇಳಿದ್ದರು. ಹಿಂದಿರುಗಿದವನೇ ಈ ಬಸ್ಸುಗಳ ವೇಳೆಯನ್ನು ಯಾರು, ಹೇಗೆ ಗೊತ್ತುಮಾಡುತ್ತಾರೆಂದು ತಿಳಿಯಲು ಹೊರಟೆ. ನನ್ನಾಕೆ, “ಕಾವ್ಯಮೀಮಾಂಸೆ ಮುಗಿಯಿತು, ಇನ್ನು ಬಸ್ ಮೀಮಾಂಸೆಯೋ?” ಎಂದಳು. ಹಾಗೆಯೇ ಎನ್ನಿ.

ವಾಚಕರಲ್ಲಿ ಅನೇಕರು ಬಸ್ಸನ್ನು ಕಾಯ್ದು ಬೈದಿರಬಹುದು. ಅದರ ವೇಳಾಪಟ್ಟಿ ಹುಟ್ಟುವ ಬಗೆಯನ್ನು ಯೋಚಿಸಿದವರು ವಿರಳ. ಒಂದು ಬಸ್ಸಿಗೂ ಅದರ ಚಾಲಕ ನಿರ್ವಾಹಕರಿಗೂ ಗೊತ್ತುಪಡಿಸಿದ ಕೆಲಸದ ಕಟ್ಟಿಗೆ ಸಾರಿಗೆ ಸಂಸ್ಥೆಯ ಭಾಷೆಯಲ್ಲಿ ಅನುಸೂಚಿ ಎಂದು ಹೆಸರು. ಎಷ್ಟು ಹೊತ್ತಿಗೆ ಘಟಕವನ್ನು ಬಿಡಬೇಕು, ಎಷ್ಟು ಕಿಲೋಮೀಟರು, ಎಷ್ಟು ಸುತ್ತುವಳಿ, ಎಲ್ಲಿ ಊಟ, ಎಲ್ಲಿ ತಂಗುವುದು ಎಂಬುದೆಲ್ಲ ‘ಫಾರಂ 4’ ಎಂಬ ಕಾಗದದಲ್ಲಿ ನಮೂದಾಗಿರುತ್ತದೆ. ನೌಕರರು ಇದಕ್ಕಾಗಿ ವಾದ ಮಾಡುವುದು, ‘ಘಟ್ಟದಲ್ಲಿ ಈ ವೇಳೆಗೆ ತಲಪಲಾಗದು, ತಿದ್ದಿಕೊಡಿ’ ಎಂದು ಕೇಳುವುದು, ಎಲ್ಲವೂ ಈ ಒಂದು ಹಾಳೆಯ ಮೇಲೆಯೇ.

ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳೋಣ. ಕೊಳ್ಳೇಗಾಲದಿಂದ ಪಾಲಾರಿಗೆ ಹೆಚ್ಚುಕಡಿಮೆ 100 ಕಿಲೋಮೀಟರು. ಘಟ್ಟ, ಕಾಡು, ನಿಲುಗಡೆ ಎಲ್ಲ ಸೇರಿ 3 ಗಂಟೆಗೆ ಕಡಿಮೆಯಿಲ್ಲ. ಬೆಳಿಗ್ಗೆ 5ಕ್ಕೆ ಘಟಕ ಬಿಟ್ಟ ಬಸ್ಸು 8ಕ್ಕೆ ಪಾಲಾರ್ ತಲಪಿ, ಹಿಂತಿರುಗಿ ಕೊಳ್ಳೇಗಾಲ ಸೇರುವಾಗ 11 ದಾಟಿರುತ್ತದೆ. ಆಸ್ಪತ್ರೆಯ ಚೀಟಿ ಕೊಡುವ ಕಿಟಕಿ, ಕಾಲೇಜಿನ ಮೊದಲೆರಡು ಗಂಟೆ, ತಾಲ್ಲೂಕು ಕಚೇರಿಯಲ್ಲಿ ಸಾಹೇಬರು ಕುರ್ಚಿಯಲ್ಲಿರುವ ಸಮಯ ಇವೆಲ್ಲ ಅಷ್ಟರಲ್ಲಿ ಕಳೆದಿರುತ್ತವೆ. ಅದೇ ಬಸ್ಸು ಹಿಂದಿನ ಸಂಜೆ 5ಕ್ಕೆ ಕೊಳ್ಳೇಗಾಲ ಬಿಟ್ಟು, ರಾತ್ರಿ ಪಾಲಾರಿನಲ್ಲಿ ತಂಗಿ, ಮುಂಜಾನೆ 5ಕ್ಕೆ ಹೊರಟರೆ? 8ಕ್ಕೆ ಕೊಳ್ಳೇಗಾಲ! ಬಸ್ಸು ಅದೇ, ಡೀಸೆಲ್ಲು ಅಷ್ಟೇ, ಕಿಲೋಮೀಟರು ಅಷ್ಟೇ. ಮಲಗುವ ಜಾಗವೊಂದು ಬದಲಾದರೆ ದಾರಿಯುದ್ದಕ್ಕೂ ಇರುವ ಹಳ್ಳಿಗಳ ದಿನವೇ ಬದಲಾಗುತ್ತದೆ.

ಇಷ್ಟು ಸುಲಭವಾದದ್ದನ್ನು ಎಲ್ಲೆಡೆಯೂ ಏಕೆ ಮಾಡುವುದಿಲ್ಲ? ಇಲ್ಲಿ ಘಟಕ ವ್ಯವಸ್ಥಾಪಕರ ಪಕ್ಷವನ್ನೂ ಕೇಳಬೇಕು. ಬಸ್ಸು ರಾತ್ರಿ ಘಟಕದಲ್ಲಿದ್ದರೆ ಅದನ್ನು ತೊಳೆಯಬಹುದು, ಡೀಸೆಲ್ಲು ತುಂಬಬಹುದು, ಮುಖ್ಯವಾಗಿ ಬ್ರೇಕನ್ನು ಪರೀಕ್ಷಿಸಬಹುದು. ಘಟ್ಟದ ರಸ್ತೆಯಲ್ಲಿ ಈ ಕೊನೆಯ ಮಾತು ಅಲಂಕಾರವಲ್ಲ, ಪ್ರಾಣದ ಪ್ರಶ್ನೆ. ಹಳ್ಳಿಯಲ್ಲಿ ತಂಗಿದ ಬಸ್ಸು ಮುಂಜಾನೆ ಹೊರಡದೆ ಮುನಿಸಿಕೊಂಡರೆ ಮೆಕ್ಯಾನಿಕ್ ಬರುವುದು ಎಷ್ಟೋ ಹೊತ್ತಿನ ಮೇಲೆ. ಇನ್ನು ಚಾಲಕ ನಿರ್ವಾಹಕರು? ಅವರು ಮಲಗುವುದು ಎಲ್ಲಿ? ಬಸ್ಸಿನ ಸೀಟಿನ ಮೇಲೆಯೇ? ಊಟ, ಸ್ನಾನ, ಶೌಚಕ್ಕೆ ಏನು ಗತಿ? ಬಸ್ಸು ನಮ್ಮೂರಲ್ಲೇ ತಂಗಲಿ ಎಂದು ಅರ್ಜಿ ಬರೆಯುವ ಊರಿನವರು, ತಂಗುವ ಇಬ್ಬರಿಗೆ ಒಂದು ಕೊಠಡಿ, ಒಂದು ಬಚ್ಚಲನ್ನು ಒದಗಿಸುವ ಮಾತನ್ನೂ ಅದೇ ಅರ್ಜಿಯಲ್ಲಿ ಬರೆದರೆ ಅರ್ಧ ಕೆಲಸವಾದಂತೆ. ಪಂಚಾಯಿತಿಗೆ ಇದು ದೊಡ್ಡ ಖರ್ಚೇನೂ ಅಲ್ಲ.

ನೌಕರರ ದುಡಿಮೆಯ ಮಿತಿಯನ್ನು 2025ರವರೆಗೆ ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯಿದೆ ಗೊತ್ತುಮಾಡಿತ್ತು: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗಗಳಲ್ಲಿಯೂ ಹಬ್ಬ ಜಾತ್ರೆಗಳ ಸಂದರ್ಭಗಳಲ್ಲಿಯೂ, ಅದೂ ಅನುಮತಿ ಪಡೆದು, ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆಯವರೆಗೆ ಹೋಗಬಹುದಿತ್ತು. ದೆಹಲಿಯಲ್ಲಿ ಕುಳಿತು ಕಾಯಿದೆ ರಚಿಸಿದವರಿಗೆ ನಮ್ಮ ಮಾದಪ್ಪನ ಜಾತ್ರೆಯ ಅರಿವಿತ್ತೋ ಇಲ್ಲವೋ, ನಿಯಮವಂತೂ ಅದಕ್ಕೆಂದೇ ಬರೆದಂತಿತ್ತು. ಶಿವರಾತ್ರಿ, ಯುಗಾದಿ, ದೀಪಾವಳಿಗಳಿಗೆ, ಅಮಾವಾಸ್ಯೆಗಳಿಗೆ ಬೆಟ್ಟಕ್ಕೆ ಹರಿದುಬರುವ ಜನಸಾಗರವನ್ನು ಕಂಡವರು ಒಂದು ವಿಷಯವನ್ನು ಮೆಚ್ಚಲೇಬೇಕು. ಆ ದಿನಗಳಲ್ಲಿ ಎಲ್ಲೆಲ್ಲಿಂದಲೋ ವಿಶೇಷ ಬಸ್ಸುಗಳು ಬರುತ್ತವೆ. ಯಾವ ಊರಿನಿಂದ ಎಷ್ಟು ಜನ ಎಂಬ ಅಂದಾಜು ಮೊದಲೇ ಆಗಿರುತ್ತದೆ. ಮುಗಿದ ಮೇಲೆ ಅವೆಲ್ಲ ತಮ್ಮ ತಮ್ಮ ಊರಿಗೆ ಮರಳುತ್ತವೆ. ಅಂದರೆ ಯೋಜನಾ ಸಾಮರ್ಥ್ಯ ನಮ್ಮಲ್ಲಿ ಇಲ್ಲದೆ ಇಲ್ಲ. ಜಾತ್ರೆ ಹಿಂದೆ ಸರಿದ ಮರುದಿನ, ಸಾಧಾರಣ ಮಂಗಳವಾರವೊಂದರ ಬೆಳಿಗ್ಗೆ ಬಸ್ಸಿಗೆ ಕಾಯುವ ಏಳೆಂಟು ಜನರ ವಿಷಯದಲ್ಲಿ ಅದು ಸೊರಗುತ್ತದೆ.

ಇದಕ್ಕೆ ಕಾರಣ ಅಧಿಕಾರಿಗಳ ಕಲ್ಲುಹೃದಯವೆಂದು ನಾನು ಭಾವಿಸಲಾರೆ. ಕಾರಣ ಕಾಯಿದೆಯ ಬೇರಿನಲ್ಲಿಯೇ ಇದೆ. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಸಾರಿಗೆ ಇಲಾಖೆಯನ್ನು ಆರಂಭಿಸಿದಾಗ ಈ ಕೊಳ್ಳೇಗಾಲ ಸೀಮೆ ಮೈಸೂರಿನಲ್ಲಿರಲೇ ಇಲ್ಲ. ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ನಮ್ಮದಾಯಿತು. ರೈಲು ಇಂದಿಗೂ ಇಲ್ಲಿಗೆ ಬಂದಿಲ್ಲವಾಗಿ ಬಸ್ಸೇ ಗತಿ. 1961ರ ಆಗಸ್ಟ್ 1ರಂದು ಇಲಾಖೆ ಹೋಗಿ, 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯಂತೆ ನಿಗಮ ಬಂತು. ಆ ಕಾಯಿದೆಯ 18ನೆಯ ಪ್ರಕರಣ ನಿಗಮಕ್ಕೆ ಹೇಳುತ್ತದೆ: ದಕ್ಷವಾದ, ಸಾಕಷ್ಟಾದ, ಮಿತವ್ಯಯದ, ಸುಸಂಘಟಿತವಾದ ಸಾರಿಗೆಯನ್ನು ರಾಜ್ಯಕ್ಕೆ ಒದಗಿಸುವುದು ನಿನ್ನ ಕರ್ತವ್ಯ. ನಾಲ್ಕು ಪ್ರಕರಣ ದಾಟಿದರೆ 22ನೆಯದು ಹೇಳುತ್ತದೆ: ವ್ಯಾಪಾರದ ತತ್ತ್ವಗಳಿಗನುಸಾರವಾಗಿ ನಡೆದುಕೋ. ಒಂದೇ ಕೈಗೆ ದಾನದ ಕಂಕಣವನ್ನೂ ಕಟ್ಟಿ ತಕ್ಕಡಿಯನ್ನೂ ಹಿಡಿಸಿದಂತಾಯಿತು.

ಹಾಗಿದ್ದರೂ ಬಹುಕಾಲ ಒಂದು ಉಪಾಯ ನಡೆದುಬಂತು. ಬೆಂಗಳೂರು ಮೈಸೂರಿನಂತಹ ತುಂಬಿದ ಮಾರ್ಗಗಳ ಗಳಿಕೆಯಿಂದ ಬಡ ಮಾರ್ಗಗಳನ್ನು ಸಾಕುವುದು. ಮನೆಯಲ್ಲಿ ದುಡಿಯುವ ಹಿರಿಯ ಮಗ ಓದುವ ತಮ್ಮನನ್ನು ಸಾಕುವುದಿಲ್ಲವೇ, ಹಾಗೆ. ಆದರೆ ಹಿರಿಯ ಮಗನ ಸಂಪಾದನೆ ಎಲ್ಲಿಯವರೆಗೆ ಸಾಲುತ್ತದೆ? 1997ರಲ್ಲಿಯೂ 2000ದಲ್ಲಿಯೂ ಒಂದೇ ಮನೆ ಪಾಲಾಗಿ ನಾಲ್ಕು ನಿಗಮಗಳಾದವು. ಡೀಸೆಲ್ಲು, ಸಂಬಳ, ಬಿಡಿಭಾಗಗಳ ಬೆಲೆ ಏರಿದಷ್ಟು ಬೇಗ ಟಿಕೆಟ್ಟಿನ ದರ ಏರುವುದಿಲ್ಲ. 2025ರ ಜನವರಿಯಲ್ಲಿ ಶೇಕಡಾ 15ರಷ್ಟು ಏರಿಸಿದ್ದು ಎಷ್ಟು ಗದ್ದಲವಾಯಿತೆಂಬುದನ್ನು ಎಲ್ಲರೂ ಕಂಡಿದ್ದೇವೆ. ಹೀಗಿರುವಾಗ ಘಟಕ ವ್ಯವಸ್ಥಾಪಕರ ಮೇಜಿನ ಮೇಲೆ ದಿನವೂ ಬಂದು ಕೂರುವುದು ಒಂದೇ ಅಂಕಿ: ಕಿಲೋಮೀಟರಿಗೆ ಎಷ್ಟು ಆದಾಯ? ಘಟ್ಟವೇರುವ ಬಸ್ಸು ಹೆಚ್ಚು ಡೀಸೆಲ್ಲು ಕುಡಿಯುತ್ತದೆ. ಕಾಡಿನೊಳಗೆ ಮೈಲಿಗಟ್ಟಲೆ ಹತ್ತುವವರಿಲ್ಲ. ಆ ಅಂಕಿಯ ಮುಂದೆ ಪಾಲಾರ್ ಎಂದೂ ತೇರ್ಗಡೆಯಾಗದ ವಿದ್ಯಾರ್ಥಿ. ಬಸ್ಸು ಕೊರತೆಯಾದ ದಿನ ಮೊದಲು ರದ್ದಾಗುವ ಸುತ್ತುವಳಿ ಯಾವುದಾಗಬಹುದೆಂದು ಊಹಿಸಲು ಜ್ಯೋತಿಷ್ಯ ಬೇಡ.

ನಷ್ಟವೆಂಬ ಈ ಮಾತನ್ನೇ ಸ್ವಲ್ಪ ಕೆದಕಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ನಾಡಿನ ಹೆಣ್ಣುಮಕ್ಕಳು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ದುಡ್ಡು ಕೊಡದೆ ಪ್ರಯಾಣ ಮಾಡುತ್ತಿದ್ದಾರೆ. ನಿರ್ವಾಹಕರು ಅವರಿಗೆ ಶೂನ್ಯ ಟಿಕೆಟ್ಟನ್ನು ಹರಿದುಕೊಡುತ್ತಾರೆ. ಅದರ ಬೆಲೆ ಯಂತ್ರದಲ್ಲಿ ದಾಖಲಾಗುತ್ತದೆ. ಆ ಲೆಕ್ಕದ ಮೇಲೆ ಸರ್ಕಾರ ನಿಗಮಗಳಿಗೆ ಹಣ ಕೊಡಬೇಕು. ಕೊಡುವುದು ತಡವಾಗುತ್ತದೆಂಬ ದೂರು ಇದೆ. ಅದು ಬೇರೆಯ ಮಾತು. ನನಗೆ ಮುಖ್ಯವೆನಿಸುವುದು ಇದರ ಹಿಂದಿನ ತತ್ತ್ವ. ಸಮಾಜಕ್ಕೆ ಬೇಕಾದ ಒಂದು ಕೆಲಸವನ್ನು ನಿಗಮ ಮಾಡಿತು, ಅದರ ಬೆಲೆ ಇಷ್ಟು, ಅದನ್ನು ಖಜಾನೆ ತೆರಬೇಕು ಎಂದು ಸರ್ಕಾರವೇ ಬಹಿರಂಗವಾಗಿ ಒಪ್ಪಿಕೊಂಡಿತು. ಟಿಕೆಟ್ಟಿಗೆ ಹೀಗೆ ಲೆಕ್ಕ ಬರೆಯಬಹುದಾದರೆ ಕಿಲೋಮೀಟರಿಗೆ ಏಕೆ ಬರೆಯಬಾರದು? ಪಾಲಾರಿನಂತಹ ಊರಿನ ಬೆಳಗಿನ ಬಸ್ಸು, ಸಂಜೆಯ ಬಸ್ಸು, ರಾತ್ರಿ ತಂಗುವ ವ್ಯವಸ್ಥೆ ಇಷ್ಟಕ್ಕೆ ವರ್ಷಕ್ಕೆ ಆಗುವ ಕೊರತೆಯನ್ನು ಬೇರೆ ಪುಟದಲ್ಲಿ ಬರೆದು, ಇದು ಘಟಕದ ಸೋಲಲ್ಲ, ಸರ್ಕಾರ ಕೊಂಡುಕೊಂಡ ಸೇವೆ ಎಂದು ಹೆಸರಿಟ್ಟರೆ, ವ್ಯವಸ್ಥಾಪಕರು ಆ ಬಸ್ಸನ್ನು ಅಪರಾಧಿಯಂತೆ ನೋಡುವುದು ನಿಲ್ಲುತ್ತದೆ. ಹಣವೂ ಎಷ್ಟೆಂದು ಜನಕ್ಕೆ ತಿಳಿಯುತ್ತದೆ, ಹೆಚ್ಚೆನಿಸಿದರೆ ಚರ್ಚೆಯಾಗಲಿ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ಪವಾಡವಲ್ಲ. ನಮ್ಮ ಘಟ್ಟಗಳನ್ನು ಗುಡ್ಡಗಳೆಂದು ನಗುವಷ್ಟು ಎತ್ತರದ ಪರ್ವತಗಳ ದೇಶವಾದ ಸ್ವಿಟ್ಸರ್ಲೆಂಡಿನಲ್ಲಿ 1906ರಿಂದಲೂ ಅಂಚೆಯ ಹಳದಿ ಬಸ್ಸುಗಳು ಕಣಿವೆಯ ಹಳ್ಳಿಗಳನ್ನು ಮುಟ್ಟುತ್ತಿವೆ. ವರ್ಷವಿಡೀ 100 ಜನ ವಾಸಿಸುವ ಊರಾದರೂ ಸಾಕು, ಅದಕ್ಕೆ ಸಾರ್ವಜನಿಕ ಸಾರಿಗೆಯ ಸಂಪರ್ಕ ಒದಗಿಸಲು ಅಲ್ಲಿನ ಕೇಂದ್ರ ಸರ್ಕಾರವೂ ಪ್ರಾಂತ ಸರ್ಕಾರಗಳೂ ಸೇರಿ ಹಣ ತೆರುತ್ತವೆ. ಇಷ್ಟು ಸುತ್ತುವಳಿ ಬೇಕೆಂದು ಸರ್ಕಾರ ಮುಂಗಡವಾಗಿ ಕೇಳುತ್ತದೆ, ಕೊರತೆ ಎಷ್ಟಾದೀತೆಂದು ಸಂಸ್ಥೆ ಹೇಳುತ್ತದೆ, ಒಪ್ಪಂದವಾಗುತ್ತದೆ. ಮುಂದಿನ ವರ್ಷದ ವೇಳಾಪಟ್ಟಿಯ ಕರಡನ್ನು ಮೊದಲೇ ಪ್ರಕಟಿಸಿ ಜನರ ಅಭಿಪ್ರಾಯವನ್ನೂ ಕೇಳುತ್ತಾರೆ. ಅದು ಸಿರಿವಂತರ ದೇಶ, ನಾವು ಆ ಮಟ್ಟಿಗೆ ತೆರಲಾರೆವು ಎಂದರೆ ಒಪ್ಪಬಹುದು. ಆದರೆ ಕರಡು ತೋರಿಸಿ ಕೇಳುವುದಕ್ಕೆ ಸಿರಿತನವೇನು ಬೇಕು?

ಕೇಳುವ ಅಗತ್ಯವೇನು, ಯಂತ್ರದಲ್ಲಿ ಎಲ್ಲ ದಾಖಲಾಗಿದೆಯಲ್ಲ ಎನ್ನುವವರೂ ಇದ್ದಾರೆ. ನಿಜ, ಟಿಕೆಟ್ ಯಂತ್ರ ಬಂದ ಮೇಲೆ ಯಾರು ಯಾವ ನಿಲುಗಡೆಯಲ್ಲಿ ಎಷ್ಟು ಹೊತ್ತಿಗೆ ಹತ್ತಿ ಎಲ್ಲಿ ಇಳಿದರೆಂಬ ಮಾಹಿತಿ ರಾಶಿರಾಶಿಯಾಗಿ ಸಿಗುತ್ತದೆ. ಯೋಜಕರಿಗೆ ಅದು ಚಿನ್ನದ ಗಣಿ. ಆದರೆ ಆ ಗಣಿಯಲ್ಲಿ ಒಂದು ಲೋಹ ದೊರೆಯದು. ಬೆಳಗಿನ ಬಸ್ಸಿಲ್ಲವೆಂದು ಕಾಲೇಜಿಗೇ ಸೇರದ ಹುಡುಗಿಗೆ ಟಿಕೆಟ್ಟಿಲ್ಲ. ಸಂಜೆ ಮರಳಲಾಗದೆಂದು ನೋವನ್ನು ನುಂಗಿಕೊಂಡು ಕುಳಿತ ಮುದುಕರಿಗೆ ಟಿಕೆಟ್ಟಿಲ್ಲ. ಬಸ್ಸು ಇಲ್ಲದ ಹೊತ್ತಿನಲ್ಲಿ ಪ್ರಯಾಣಿಕರೂ ಇರುವುದಿಲ್ಲ. ಪ್ರಯಾಣಿಕರಿಲ್ಲವೆಂದು ಬಸ್ಸನ್ನು ಬಿಡುವುದಿಲ್ಲ. ಈ ಗಾಣವನ್ನು ಸುತ್ತುವುದು ನಿಲ್ಲಬೇಕಾದರೆ ಘಟಕದಿಂದ ಯಾರಾದರೂ ವರ್ಷಕ್ಕೊಮ್ಮೆ ಆ ಊರಿನ ಗ್ರಾಮಸಭೆಗೆ ಹೋಗಿ ಕೂರಬೇಕು. ಶಾಲೆಯ ಮುಖ್ಯೋಪಾಧ್ಯಾಯರು, ಆರೋಗ್ಯ ಕೇಂದ್ರದವರು, ಸಂತೆಗೆ ಹೋಗುವ ಹೆಂಗಸರು ಹೇಳುವುದನ್ನು ಬರೆದುಕೊಳ್ಳಬೇಕು.

ಗಡಿಯ ಊರಿಗೆ ಇನ್ನೂ ಒಂದು ತೊಡಕುಂಟು. ರಾಜ್ಯ ದಾಟುವ ಬಸ್ಸುಗಳು ಎರಡು ಸರ್ಕಾರಗಳ ನಡುವಣ ಒಪ್ಪಂದಕ್ಕೆ ಒಳಪಟ್ಟವು. ನಿನ್ನ ನೆಲದಲ್ಲಿ ನನ್ನ ಬಸ್ಸು ಇಷ್ಟು ಓಡಿದರೆ ನನ್ನ ನೆಲದಲ್ಲಿ ನಿನ್ನದೂ ಅಷ್ಟು ಓಡಲಿ ಎಂಬುದು ಅದರ ಸಾಮಾನ್ಯ ನ್ಯಾಯ. ಅಂತಹ ಬಸ್ಸಿನ ವೇಳೆ ಎರಡು ತುದಿಯ ದೊಡ್ಡ ಊರುಗಳ ಅನುಕೂಲಕ್ಕೆ ಗೊತ್ತಾಗುತ್ತದೆ. ಮಧ್ಯದ ಪಾಲಾರ್ ಅದರ ಲೆಕ್ಕದಲ್ಲಿ ಒಂದು ನಿಲುಗಡೆ. ಕಾವೇರಿಯ ನೀರಿನ ಜಗಳ ಎದ್ದಾಗಲಂತೂ ಕೇಳುವುದೇ ಬೇಡ. 2016ರ ಸೆಪ್ಟೆಂಬರಿನಲ್ಲಿ ಎರಡು ರಾಜ್ಯಗಳ ನಡುವೆ ಸರ್ಕಾರಿ ಬಸ್ಸುಗಳ ಸಂಚಾರ ದಿನಗಟ್ಟಲೆ ನಿಂತುಹೋಯಿತು. ನೀರು ಮಾತ್ರ ಗಡಿ ಕೇಳದೆ ಹರಿಯುತ್ತಿತ್ತು.

ರಸ್ತೆಯೇ ಇಲ್ಲದ ಊರುಗಳ ಮುಂದೆ ಪಾಲಾರ್ ಭಾಗ್ಯಶಾಲಿ ಎನ್ನಬೇಕು. ಇದೇ ಬೆಟ್ಟದ ನೆರೆಯ ಇಂಡಿಗನತ್ತದಲ್ಲಿ, ಸೌಕರ್ಯಗಳಿಲ್ಲವೆಂದು ಮತದಾನ ಬಹಿಷ್ಕರಿಸಿದ್ದರ ನಡುವೆ 2024ರ ಏಪ್ರಿಲ್ 26ರಂದು ಗಲಭೆಯಾಗಿ, ಮತಗಟ್ಟೆ ಧ್ವಂಸವಾಗಿ, ಏಪ್ರಿಲ್ 29ರಂದು ಮರುಮತದಾನ ನಡೆಸಬೇಕಾಯಿತು. ಮತಯಂತ್ರ ಒಡೆದದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಮತಪೆಟ್ಟಿಗೆ ತಲಪಿದ ಊರಿಗೆ ಬಸ್ಸು ಏಕೆ ತಲಪಲಿಲ್ಲವೆಂಬ ಪ್ರಶ್ನೆಗೆ, ಅದು ವನ್ಯಧಾಮ, ರಸ್ತೆ ಮಾಡುವಂತಿಲ್ಲ ಎಂಬ ಉತ್ತರವೊಂದೇ ಸಾಕೆಂದು ನನಗೆ ತೋರುವುದಿಲ್ಲ. ದೊಡ್ಡ ಬಸ್ಸು ಹೋಗದ ಕಡೆ ಜೀಪು ಹೋಗಲಿ. ಆ ಜೀಪು ತಾಳುಬೆಟ್ಟದಲ್ಲಿಯೋ ಬೆಟ್ಟದ ಮೇಲೆಯೋ ಬಸ್ಸಿನ ವೇಳೆಗೆ ಸರಿಯಾಗಿ ಬಂದು ಸೇರಲಿ. ಕಾಯಿದೆಯ 18ನೆಯ ಪ್ರಕರಣದಲ್ಲಿರುವ ಸುಸಂಘಟಿತವೆಂಬ ಮಾತಿಗೆ ಇದಕ್ಕಿಂತ ಬೇರೆ ಅರ್ಥ ನನಗೆ ತೋಚದು.

ಇಷ್ಟೆಲ್ಲ ಇತರರಿಗೆ ಬುದ್ಧಿ ಹೇಳುವ ಮೊದಲು ನನ್ನ ಕೈಯಲ್ಲಿರುವ ವೇಳಾಪಟ್ಟಿಯನ್ನಾದರೂ ತಿದ್ದಬೇಕೆನಿಸಿತು. ಪ್ರಾಂಶುಪಾಲರನ್ನು ಕೇಳಿಕೊಂಡು ಈ ವರ್ಷ ನನ್ನ ಕೊನೆಯ ಗಂಟೆಯ ಪಾಠವನ್ನು ಬೆಳಗಿನ ಮೊದಲ ಗಂಟೆಗೆ ಬದಲಾಯಿಸಿಕೊಂಡೆ. ಕೌದಳ್ಳಿ ಕಡೆಯ ಹುಡುಗಿ ಈಗ ಒಂದು ದಿನವೂ ತಪ್ಪಿಸುತ್ತಿಲ್ಲ. ಮೂರೂವರೆಯ ಬಸ್ಸನ್ನೂ ತಪ್ಪಿಸಿಕೊಳ್ಳುತ್ತಿಲ್ಲ. ನನಗೆ ಬಹಳ ಸಂತೋಷವಾಗಿತ್ತು. ಆದರೆ ಕಳೆದ ವಾರ ಹಾಜರಿ ಪುಸ್ತಕದ ಪುಟ ತಿರುವುತ್ತಿದ್ದಾಗ ಇನ್ನೊಂದು ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಕಾಣಿಸಿತು. ಯಳಂದೂರಿನಾಚೆಯ ಹಳ್ಳಿಯ ಹುಡುಗ. ಎರಡನೆಯ ಗಂಟೆಗೆ ಬೆವರೊರೆಸಿಕೊಳ್ಳುತ್ತ ಓಡಿಬರುತ್ತಾನೆಂದು ಸಹೋದ್ಯೋಗಿಗಳು ಹೇಳಿದರು. ಅವನ ಊರಿನ ಬಸ್ಸು ರಾತ್ರಿ ಎಲ್ಲಿ ಮಲಗುತ್ತದೆಯೋ, ಸೋಮವಾರ ಕರೆದು ಕೇಳಬೇಕು.